ತಪ್ಪು ಮಾಡದ ಟೈಪ್ ಟೀಚರ್

ನಮ್ಮ ಟೀಚರ್ ನಡೆಸುತ್ತಿದ್ದ ಟೈಪಿಂಗ್ ಇನ್‌ಸ್ಟಿಟ್ಯೂಟಿನೊಳಗೆ ಚಪ್ಪಲಿ ಹಾಕಿಕೊಂಡು ಬರಬಹುದಿತ್ತು, ರಬ್ಬರ್ ಇಟ್ಟುಕೊಂಡು ಬರುವಂತಿರಲಿಲ್ಲ. ಹೊಸದಾಗಿ ಸೇರಿದವರ ಕಂಪಾಸ್ ಪೆಟ್ಟಿಗೆಯನ್ನು ಮೊದಲ ದಿನವೇ ತೆರೆಸಿ ನೋಡುತ್ತಿದ್ದರು. ರಬ್ಬರ್ ಸಿಕ್ಕರೆ ಅದು ಕಿಟಕಿಯಿಂದ ಆಚೆ. ತಪ್ಪಿನ ಮೇಲೆ ಬಳಿಯುವ ಬಿಳಿ ಬಣ್ಣದ ಸೀಸೆ ಸಿಕ್ಕರೆ ಅದರ ಒಡತಿಯೂ ಆಚೆ, ಒಂದು ವಾರದ ಮಟ್ಟಿಗೆ. ಹಾಳೆಯ ಕೊನೆಯ ಸಾಲಿನ ಕೊನೆಯ ಅಕ್ಷರ ತಪ್ಪಿದರೂ ಹಾಳೆಯನ್ನು ಎಳೆದು ಬುಟ್ಟಿಗೆ ಹಾಕಿ ಹೊಸದನ್ನು ಏರಿಸಬೇಕು. ಹರಪನಹಳ್ಳಿಯ ಹಳೇ ಬಸ್‌ಸ್ಟ್ಯಾಂಡಿನ ಹಿಂದೆ, ಗೊಬ್ಬರದ ಅಂಗಡಿಯ ಮಹಡಿಯ ಮೇಲೆ, ಸುತ್ತಲಿನ ತಾಲೂಕುಗಳ ಎರಡು ತಲೆಮಾರಿನ ಗುಮಾಸ್ತರು ತಯಾರಾದದ್ದು ಹೀಗೆ.

ಟೀಚರ್ ತೀರಿಕೊಂಡು ಎಂಟು ತಿಂಗಳಾಯಿತು. ಊರಿಗೆಲ್ಲ ಅವರು ‘ಟೈಪ್ ಟೀಚರ್’. ಸ್ವಂತ ಹೆಸರು ಹಿಡಿದು ಕರೆದವರನ್ನು ನಾನು ನೋಡಿಲ್ಲ, ಹಾಗಾಗಿ ನಾನೂ ಇಲ್ಲಿ ಆ ಧೈರ್ಯ ಮಾಡುವುದಿಲ್ಲ. ನಾನು ಮೊದಲು ಅವರ ವಿದ್ಯಾರ್ಥಿನಿ, ಆಮೇಲೆ ಹದಿನಾರು ವರ್ಷ ಅವರ ಕೈಕೆಳಗೆ ಪಾಠ ಹೇಳಿಕೊಟ್ಟವಳು. ಸತ್ತವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕು ಅನ್ನುತ್ತಾರೆ. ಇದ್ದದ್ದು ಇದ್ದಂಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಅನ್ನುವ ಮಾತೂ ಇದೆ. ಒದೆಯಲು ಟೀಚರ್ ಅಂತೂ ಇನ್ನು ಬರಲಾರರು. ಬಂದರೆ ನನಗಿಂತ ಸಂತೋಷಪಡುವವರು ಯಾರೂ ಇಲ್ಲ.

ಅವರು ಪಾಠ ಮಾಡುವಾಗ ನಮ್ಮ ಕಡೆ ನೋಡುತ್ತಲೇ ಇರಲಿಲ್ಲ. ಬೆನ್ನು ತಿರುಗಿಸಿ ಕಿಟಕಿಯಲ್ಲಿ ನಿಂತಿರುತ್ತಿದ್ದರು. ಹದಿನಾಲ್ಕು ಮಷಿನ್‌ಗಳು ಒಟ್ಟಿಗೆ ಬಡಿದುಕೊಳ್ಳುವ ಆ ಗದ್ದಲದಲ್ಲಿ ಇದ್ದಕ್ಕಿದ್ದಂತೆ, ಆರನೇದು ನಿಲ್ಲಿಸು, ಅನ್ನುತ್ತಿದ್ದರು. ಆರನೆಯ ಮಷಿನ್ನಿನವಳು ಹಾಳೆ ನೋಡಿಕೊಂಡರೆ ಅಲ್ಲಿ ತಪ್ಪು ಇದ್ದೇ ಇರುತ್ತಿತ್ತು. ತಪ್ಪು ಬಿದ್ದ ಕೂಡಲೇ ಬೆರಳು ಅರೆಗಳಿಗೆ ಬೆದರುತ್ತದಂತೆ, ಆ ಬೆದರಿದ್ದು ಅವರಿಗೆ ಕೇಳುತ್ತದಂತೆ. ಇದನ್ನು ಪರೀಕ್ಷಿಸಲು ನಾನು ಬೆದರದೆ ತಪ್ಪು ಮಾಡುವುದನ್ನು ಅಭ್ಯಾಸ ಮಾಡಿದೆ. ಎರಡು ದಿನ ನಡೆಯಿತು. ಮೂರನೆಯ ದಿನ ಹತ್ತಿರ ಬಂದು ಹಾಳೆ ಎತ್ತಿ ನೋಡಿದರು. ಅದೇ ಹಾಳೆಯನ್ನು ಇಪ್ಪತ್ತು ಸಲ ಹೊಡೆಸಿದರು, ಅಷ್ಟೇ.

ಹೊಗಳಿಕೆಯ ವಿಷಯದಲ್ಲಿ ಬಹಳ ಕೈಬಿಗಿ. ‘ಪರವಾಗಿಲ್ಲ’ ಅನ್ನುವುದೇ ಅವರ ಬಾಯಿಂದ ಬರುವ ದೊಡ್ಡ ಮಾತು. ಸೀನಿಯರ್ ಗ್ರೇಡಿನಲ್ಲಿ ನಾನು ನಮ್ಮ ಕೇಂದ್ರಕ್ಕೇ ಮೊದಲಿಗಳಾದಾಗ ಮನೆಗೆ ಬಂದು ನಮ್ಮ ಅವ್ವನ ಎದುರು ‘ನಿಮ್ಮ ಮಗಳದು ಪರವಾಗಿಲ್ಲ’ ಅಂದರು. ಅವ್ವ ನಾನು ನಪಾಸಾಗಿದ್ದೇನೆ ಎಂದುಕೊಂಡು ಅವರಿಗೆ ಚಹಾ ಕೊಡುವುದನ್ನೂ ಮರೆತಳು.

ಶನಿವಾರ ಮಾತ್ರ ಅವರು ಸ್ವಲ್ಪ ಸಡಿಲ. ಕೊನೆಯ ಬ್ಯಾಚಿನವರಿಗೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರಿಸುತ್ತಿದ್ದರು. ಎಣ್ಣೆ ಕೈಯಲ್ಲಿ ಯಾರೂ ಮಷಿನ್ ಮುಟ್ಟುವಂತಿರಲಿಲ್ಲವಾದ್ದರಿಂದ ಮಾತಿಗೆ ಬಿಡುವು ಸಿಗುತ್ತಿತ್ತು. ಅಂಥ ಒಂದು ಶನಿವಾರ ಕೊಟ್ಟೂರಿನಿಂದ ಬರುತ್ತಿದ್ದ ಒಬ್ಬ ಹುಡುಗಿ, ಟೀಚರ್, ರಬ್ಬರ್ ಕಂಡ್ರ ನಿಮಗ್ಯಾಕ ಅಷ್ಟು ಸಿಟ್ಟು, ಎಂದು ಕೇಳಿಯೇಬಿಟ್ಟಳು. ನಾವೆಲ್ಲ ತಲೆ ತಗ್ಗಿಸಿ ಮಂಡಕ್ಕಿಯೊಳಗಿನ ಶೇಂಗಾ ಆರಿಸತೊಡಗಿದೆವು. ಟೀಚರ್ ಬೈಯಲಿಲ್ಲ, ತಮ್ಮ ಕಥೆ ಹೇಳಿದರು. ಅವರು ಹಿರೇಹಡಗಲಿಯವರು. ಅವರ ಕೇರಿಯಲ್ಲಿ ಕಚೇರಿಯ ಕುರ್ಚಿಯ ಮೇಲೆ ಕೂತ ಮೊದಲನೆಯ ಹೆಂಗಸು. ಆ ಕಚೇರಿಯಲ್ಲಿ ದಿನಗೂಲಿ ಟೈಪಿಸ್ಟ್ ಆಗಿದ್ದಾಗ ಅಲ್ಲಿನ ಹಿರಿಯ ಗುಮಾಸ್ತರೊಬ್ಬರು ಇವರು ಹೊಡೆದ ಪ್ರತಿ ಕಾಗದವನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದರಂತೆ, ಅಳಿಸಿದ ಗುರುತು ಸಿಗುತ್ತದೇನೋ ಎಂದು. ಮೂರು ವರ್ಷ ನೋಡಿದರಂತೆ, ಸಿಗಲಿಲ್ಲವಂತೆ.

“ಉಳಿದೋರು ತಪ್ಪು ಮಾಡಿದ್ರ ಅದು ಒಂದು ತಪ್ಪು, ಅಷ್ಟಾ,” ಅಂದರು ಟೀಚರ್. “ನಾವು ಮಾಡಿದ್ರ, ಇವರು ಇಷ್ಟಾ ಬಿಡು ಅಂತಾರ. ಇಡೀ ಕೇರಿಗೇ ಹಚ್ತಾರ. ಅದಕ್ಕ ನಮಗ ರಬ್ಬರ್ ಇಲ್ಲವ್ವ.”

ಇಷ್ಟು ಹೇಳಿ ಕೈ ತೊಳೆಯಲು ಎದ್ದು ಹೋದರು. ಆ ಮಾತನ್ನು ಮತ್ತೆಂದೂ ಎತ್ತಲಿಲ್ಲ. ಅವರ ಕುರ್ಚಿಯ ಹಿಂದಿನ ಗೋಡೆಯ ಮೇಲೆ ಒಂದು ಬುದ್ಧನ ಪಟ ಇತ್ತು. ಅಷ್ಟು ತಪ್ಪುಗಳನ್ನು ನೋಡಿಯೂ ಮುಗುಳ್ನಗುತ್ತಿದ್ದವನು ಆ ಕೋಣೆಯಲ್ಲಿ ಅವನೊಬ್ಬನೇ.

ಟೈಪ್‌ರೈಟರ್‌ಗಳ ಕಾಲ ಮುಗಿಯುತ್ತ ಬಂದಾಗ ಎಂಟು ಕಂಪ್ಯೂಟರುಗಳನ್ನು ಅವರು ತರಿಸಲೇಬೇಕಾಯಿತು. ಬಂದ ದಿನ ಕೀಬೋರ್ಡನ್ನು ಬಹಳ ಹೊತ್ತು ನೋಡಿ, ಬಲಗಡೆ ಮೇಲಿನ ಈ ಬಾಣದ ಗುಂಡಿ ಯಾವುದಕ್ಕೆ ಎಂದು ಕೇಳಿದರು. ಹೊಡೆದದ್ದನ್ನು ಅಳಿಸಲು ಎಂದೆ. ಮರುದಿನ ನಾನು ಬರುವಷ್ಟರಲ್ಲಿ ಎಂಟೂ ಕೀಬೋರ್ಡುಗಳ ಅಳಿಸುವ ಗುಂಡಿಗಳನ್ನು ಚಮಚದ ಹಿಡಿಯಿಂದ ಎಬ್ಬಿಸಿ ಸ್ಟೀಲ್ ಡಬ್ಬಿಯೊಂದರಲ್ಲಿ ಹಾಕಿಟ್ಟಿದ್ದರು. ಜೂನಿಯರ್ ಗ್ರೇಡ್ ಪಾಸಾದವರು ಕೂರುವ ಮಷಿನ್ನಿಗೆ ಗುಂಡಿಯನ್ನು ಮತ್ತೆ ಹಚ್ಚಿಕೊಡುತ್ತಿದ್ದರು. ಪಾಸಾದವರಿಗೆ ಅದರ ಅವಶ್ಯಕತೆಯೇ ಇರುವುದಿಲ್ಲ ಎನ್ನುವುದು ಅವರ ವಾದ. ಕಂಪ್ಯೂಟರ್ ಮಾರಿದವರು ದುರಸ್ತಿಗೆ ಬಂದಾಗಲೆಲ್ಲ, ಮೇಡಂ, ನಿಮ್ಮಲ್ಲಿ ಮಾತ್ರ ಇದೊಂದೇ ಗುಂಡಿ ಯಾಕ ಕಳೀತೈತಿ ಎಂದು ಆಶ್ಚರ್ಯಪಡುತ್ತಿದ್ದರು.

ಇಂಥವರ ಎದುರಿಗೆ ಒಂದು ಬೆಳಿಗ್ಗೆ, ಬ್ಯಾಚ್ ತುಂಬಿ ಕೂತಿರುವಾಗ, ಎಂಟೂ ಪರದೆಗಳ ಮೇಲೆ ನೀಲಿ ಬಣ್ಣ ಬಂದು ಚುಕ್ಕಿಗಳು ಗಿರಗಿರ ತಿರುಗತೊಡಗಿದವು. ಅಪ್‌ಡೇಟ್ ಆಗುತ್ತಿದೆ, ಯಂತ್ರವನ್ನು ಆಫ್ ಮಾಡಬೇಡಿ ಎಂದು ಅಪ್ಪಣೆ. ಅಪ್‌ಡೇಟ್ ಅಂದರೇನು ಎಂದು ಟೀಚರ್ ಕೇಳಿದರು. ಈ ಯಂತ್ರವನ್ನು ಒಳಗಿಂದ ನಡೆಸುವ ವ್ಯವಸ್ಥೆ ಒಂದಿದೆ, ಅದರಲ್ಲಿ ತಪ್ಪುಗಳಿರುತ್ತವೆ, ಮಾಡಿದವರು ಆಗಾಗ ಅಲ್ಲಿಂದಲೇ ತಿದ್ದಿ ಕಳಿಸುತ್ತಾರೆ ಎಂದು ನಾನು ಹೇಳಿದೆ. ಹಾಗೆ ಹೇಳಬಾರದಿತ್ತು. ಹೊಸ ಸವಲತ್ತು ಕಳಿಸುತ್ತಾರೆ ಎಂದಿದ್ದರೆ ನನ್ನ ಮುಂದಿನ ಹತ್ತು ವರ್ಷ ಸುಖವಾಗಿ ಹೋಗುತ್ತಿತ್ತು.

“ತಪ್ಪು ಐತಿ ಅಂತ ಗೊತ್ತಿದ್ದೂ ಮಾರ್ಯಾರೇನು?” ಅಂದರು. ಆಗ ಗೊತ್ತಿರಲಿಲ್ಲ, ಆಮೇಲೆ ಗೊತ್ತಾಗುತ್ತದೆ ಎಂದೆ. “ಮನಿ ಕಟ್ಟಿ ಕೊಟ್ಟ ಗೌಂಡಿ ವಾರಕ್ಕೊಮ್ಮಿ ಸಿಮೆಂಟ್ ಪುಟ್ಟಿ ಹಿಡ್ಕಂಡು ಬಾಗ್ಲಿಗೆ ಬಂದ್ರ, ಎಂಥಾ ಚಲೋ ಗೌಂಡಿ ಅಂತೀಯೇನು ನೀ?”

ಅಂದಿನಿಂದ ಅದು ನಮ್ಮಿಬ್ಬರ ನಡುವೆ ಮುಗಿಯದ ವಾದವಾಯಿತು. ಊರ ಕಳ್ಳರು ದಿನಕ್ಕೊಂದು ಹೊಸ ಕೀಲಿಕೈ ಮಾಡುವಾಗ ಬೀಗ ಮಾಡಿದವನು ಸುಮ್ಮನೆ ಕೂರಬಾರದು ಎಂದು ನಾನು. ಬಾಗಿಲನ್ನೇ ಇಡಲು ಮರೆತ ಗೌಂಡಿ ತನ್ನ ತಪ್ಪನ್ನು ಕಳ್ಳರ ಮೇಲೆ ಹಾಕುತ್ತಾನೆ ಎಂದು ಅವರು. ತಿದ್ದಲು ಬರುವವನಿಗೆ ತನ್ನ ಕೆಲಸದ ಮೇಲೆ ಕಾಳಜಿ ಇದೆ ಎಂದು ನಾನು. ಕಾಳಜಿ ಇದ್ದವನು ಮೊದಲೇ ನೋಡಿ ಕೊಡುತ್ತಿದ್ದ ಎಂದು ಅವರು. ಒಮ್ಮೆ ಅಪ್‌ಡೇಟ್ ಆದ ಮರುಗಳಿಗೆಯಿಂದ ಪ್ರಿಂಟರ್ ಎರಡು ದಿನ ಮುಷ್ಕರ ಹೂಡಿತು. ಆ ಎರಡು ದಿನ ಟೀಚರ್ ಮುಖದಲ್ಲಿದ್ದ ಕಳೆಯನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ, ನನ್ನ ಸೀನಿಯರ್ ಗ್ರೇಡಿನ ಫಲಿತಾಂಶದ ದಿನವೂ ಇಲ್ಲ. ಮೂರನೆಯ ದಿನ ಎಲ್ಲ ಯಂತ್ರಗಳಲ್ಲೂ ಅಪ್‌ಡೇಟನ್ನು ಶಾಶ್ವತವಾಗಿ ನಿಲ್ಲಿಸಲು ನನಗೆ ಹೇಳಿದರು. ನಾನು ನಿಲ್ಲಿಸಿದೆ. ನನ್ನ ವಾದದಲ್ಲಿ ನನಗೂ ಪೂರ್ತಿ ನಂಬಿಕೆ ಇರಲಿಲ್ಲ ಅನ್ನುವುದೂ ನಿಜ. ಅರ್ಧ ಬೆಂದ ಅನ್ನ ಬಡಿಸಿ ಉಳಿದದ್ದನ್ನು ಎಲೆಯ ಮೇಲೇ ಬೇಯಿಸುವವರು ಆ ವ್ಯಾಪಾರದಲ್ಲಿ ಇಲ್ಲವೆಂದು ನಾನು ಹೇಗೆ ಹೇಳಲಿ.

ಬದಲಾವಣೆಯ ಬಗ್ಗೆ ಅವರಿಗೆ ಇನ್ನೊಂದು ಸಿಟ್ಟಿತ್ತು. ಅದು ಯಂತ್ರದ್ದಲ್ಲ, ಊರಿನದು. ನಮ್ಮ ತಾಲೂಕು ಮೊದಲು ಬಳ್ಳಾರಿ ಜಿಲ್ಲೆಯಲ್ಲಿತ್ತು. ಆಮೇಲೆ ದಾವಣಗೆರೆಗೆ ಹೋಯಿತು, ಇಪ್ಪತ್ತು ವರ್ಷ ಅಲ್ಲಿಯೇ ಇತ್ತು. ಮತ್ತೆ ಬಳ್ಳಾರಿಗೆ ಬಂತು. ಬಂದು ಚೀಲ ಇಳಿಸುವಷ್ಟರಲ್ಲಿ ವಿಜಯನಗರ ಎಂಬ ಹೊಸ ಜಿಲ್ಲೆಗೆ ಸೇರಿತು. ಪ್ರತಿ ಸಲವೂ ಕಚೇರಿಗಳ ಸೀಲು, ಲೆಟರ್‌ಹೆಡ್, ಅಂಗಡಿಗಳ ಬೋರ್ಡು ಎಲ್ಲ ಬದಲಾಗಬೇಕು. ನಾ ಒಂದಾ ಮನಿಯಾಗ ಕುಂತು ಮೂರು ಜಿಲ್ಲಿ ತಿರುಗೀನಿ, ಬಸ್ ಚಾರ್ಜೂ ಆಗಿಲ್ಲ ಎಂದು ಟೀಚರ್ ಹೇಳುತ್ತಿದ್ದರು. ಸರ್ಕಾರದ ಅಪ್‌ಡೇಟ್ ಬಂದೈತಿ, ನಮ್ಮ ಬಾಗ್ಲ ಮುಂದಿನ ಗುಂಡಿ ಮಾತ್ರ ಹಳೇದಾ ಐತಿ ಎಂದೂ ಹೇಳುತ್ತಿದ್ದರು. ಕೊನೆಗೆ ಪೇಂಟರನನ್ನು ಕರೆಸಿ ನಮ್ಮ ಬೋರ್ಡಿನಿಂದ ಜಿಲ್ಲೆಯ ಹೆಸರನ್ನೇ ಅಳಿಸಿಹಾಕಿಸಿದರು. ಜೀವನದಲ್ಲಿ ಅವರು ಅಳಿಸಲು ಒಪ್ಪಿದ್ದು ಅದೊಂದನ್ನೇ.

ಜಿಲ್ಲೆ ಬದಲಾದದ್ದು ಬರೀ ಬೋರ್ಡಿನ ಮಾತಲ್ಲ. ಬಳ್ಳಾರಿ, ವಿಜಯನಗರ ಜಿಲ್ಲೆಗಳು ಕಲ್ಯಾಣ ಕರ್ನಾಟಕಕ್ಕೆ ಸೇರಿದವು, ಅಲ್ಲಿಯವರಿಗೆ ಸರ್ಕಾರಿ ನೌಕರಿಯಲ್ಲಿ ಬೇರೆಯೇ ಮೀಸಲಾತಿ ಇದೆ. ದಾವಣಗೆರೆಯವರಿಗೆ ಅದಿಲ್ಲ. ನಮ್ಮಲ್ಲಿ ಎಷ್ಟೋ ಜನರ ಹಣೆಬರಹ ಅರ್ಜಿಯ ಆ ಒಂದು ಕಾಲಮಿನ ಮೇಲೆ ನಿಂತಿರುತ್ತದೆ. ಹುಲಿಗೆಮ್ಮನದೂ ಹಾಗೆಯೇ ನಿಂತಿತ್ತು.

ಹುಲಿಗೆಮ್ಮ ಪಕ್ಕದ ಹಳ್ಳಿಯ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವಳು. ಇಬ್ಬರು ಮಕ್ಕಳ ತಾಯಿ. ಪಿಯುಸಿಯನ್ನು ಮನೆಯಲ್ಲೇ ಓದಿ ಕಟ್ಟಿ ಪಾಸು ಮಾಡಿಕೊಂಡು ಮೂವತ್ತೇಳನೆಯ ವಯಸ್ಸಿನಲ್ಲಿ ನಮ್ಮ ಮಹಡಿ ಹತ್ತಿದಳು. ಮಕ್ಕಳಿಗೆ ಬಡಿಸಿ, ಪಾತ್ರೆ ತೊಳೆದು, ಎರಡೂವರೆ ಬಸ್ಸಿಗೆ ಬರುತ್ತಿದ್ದಳು. ಸೆರಗಿನಲ್ಲಿ ಸಾಂಬಾರಿನ ವಾಸನೆ, ಮುಂಗೈಯಲ್ಲಿ ಹಬೆ ಬಡಿದ ಕಲೆಗಳು. ಆ ಕೈಗಳು ಮಷಿನ್ ಮೇಲೆ ಓಡುವುದನ್ನು ಕೇಳುತ್ತ ಟೀಚರ್ ಕಿಟಕಿಯಿಂದ ತಿರುಗಿ ನೋಡಿದ್ದು ಇದೆ. ಬೆರಳಚ್ಚುಗಾರರ ಹುದ್ದೆಗಳಿಗೆ ಅರ್ಜಿ ಕರೆದಾಗ ಅವಳಿಗೆ ವಯೋಮಿತಿ ಮುಗಿಯಲು ಹತ್ತೇ ತಿಂಗಳು ಉಳಿದಿತ್ತು. ಇದೇ ಮೊದಲ ಅರ್ಜಿ, ಇದೇ ಕೊನೆಯದು.

ಈಚಿನ ವರ್ಷಗಳಲ್ಲಿ ಆನ್‌ಲೈನ್ ಅರ್ಜಿಗಳನ್ನು ತುಂಬುವುದು ನನ್ನ ಕೆಲಸ. ಆ ದಿನ ಮಾತ್ರ ಟೀಚರ್, ಹುಲಿಗೆಮ್ಮನದು ನಾ ತುಂಬತೀನಿ, ನೀ ಆ ಕಡಿ ಸರಿ ಎಂದರು. ನಾನು ಪಕ್ಕದ ಮಷಿನ್ನಿಗೆ ಹೋದೆ. ಹುಲಿಗೆಮ್ಮ ಕೈಕಟ್ಟಿಕೊಂಡು ಅವರ ಬದಿಯಲ್ಲಿ ಕೂತಳು. ಅಪ್‌ಡೇಟ್ ನಿಲ್ಲಿಸಿದ್ದರೂ ಪರದೆಯ ಮೂಲೆಯಲ್ಲಿ ಆಗಾಗ ಒಂದು ಚೀಟಿ ಏಳುತ್ತಿತ್ತು, ನಿಮ್ಮ ಯಂತ್ರ ಹಳತಾಗಿದೆ, ಅಪಾಯದಲ್ಲಿದೆ ಎಂದು. ಅವತ್ತೂ ಎದ್ದಿತು. ಟೀಚರಿಗೆ ಮಾತು ಸಿಕ್ಕಿತು. ಕೈ ಅರ್ಜಿ ತುಂಬುತ್ತಿತ್ತು, ಬಾಯಿ ಗೌಂಡಿಯನ್ನು ಬೈಯುತ್ತಿತ್ತು. ಜಿಲ್ಲೆಗಳ ಪಟ್ಟಿ ತೆರೆದುಕೊಂಡಾಗ ಅವರು ಪಟ್ಟಿ ಓದುವವರಲ್ಲ. ಕೀಬೋರ್ಡಿನಿಂದಲೇ ಆರಿಸುವವರು. ಹಿಂದೆ ಎಷ್ಟೋ ವರ್ಷ ನಮ್ಮ ತಾಲೂಕಿನ ಪ್ರತಿ ಅರ್ಜಿಗೂ ಅವರ ಎಡಗೈ ನಡುಬೆರಳು ‘ಡಿ’ಯನ್ನು ಎರಡು ಸಲ ಒತ್ತಿತ್ತು. ಒಂದು ಸಲಕ್ಕೆ ದಕ್ಷಿಣ ಕನ್ನಡ, ಎರಡು ಸಲಕ್ಕೆ ದಾವಣಗೆರೆ. ಅವತ್ತೂ ಎರಡು ಸಲ ಒತ್ತಿತು.

ಜಿಲ್ಲೆ ದಾವಣಗೆರೆ ಎಂದಾದ ಮೇಲೆ ಮೀಸಲಾತಿಯ ಕಾಲಮು ತೆರೆಯಲೇ ಇಲ್ಲ. ಅರ್ಜಿ ಹೋಯಿತು. ಟೀಚರ್ ಪ್ರತಿ ತೆಗೆದು ಮಡಚಿ ಅವಳ ಕೈಗಿಟ್ಟರು. ಮೊದಲಾ ಸರಿ ಮಾಡಿದ್ರ ಮತ್ತ ತಿರುಗಿ ನೋಡಾ ಕೆಲಸಿಲ್ಲ ಎಂದು ನನ್ನ ಕಡೆ ನೋಡಿ ಮಾತು ಮುಗಿಸಿದರು.

ಆಯ್ಕೆಯ ತಾತ್ಕಾಲಿಕ ಪಟ್ಟಿ ಬಂದಾಗ ಹುಲಿಗೆಮ್ಮನ ಹೆಸರು ಅದರಲ್ಲಿರಲಿಲ್ಲ. ಅವಳಿಗಿಂತ ಕಡಿಮೆ ಅಂಕದವರ ಹೆಸರು ಮೀಸಲಾತಿಯಲ್ಲಿತ್ತು. ನಾನು ಅವಳ ಅರ್ಜಿಯ ಪ್ರತಿಯನ್ನು ಬಿಡಿಸಿ ಮೇಲಿನಿಂದ ಓದುತ್ತ ಬಂದು ಜಿಲ್ಲೆಯ ಹತ್ತಿರ ನಿಂತೆ. ಪ್ರತಿಯನ್ನು ಟೀಚರ್ ಮುಂದಿಟ್ಟೆ. ಅವರು ಕನ್ನಡಕ ಹಾಕಿಕೊಂಡು ನೋಡಿದರು, ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. ಆಮೇಲೆ ತಮ್ಮ ಎಡಗೈಯನ್ನು ಮೇಜಿನ ಮೇಲಿನಿಂದ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಅಷ್ಟು ವರ್ಷ ವಾದದಲ್ಲಿ ಅವರನ್ನು ಸೋಲಿಸಬೇಕೆಂದು ಕಾದಿದ್ದೆ, ಹೀಗಲ್ಲ.

ಮರುದಿನ ಮೂವರೂ ಜಿಲ್ಲಾ ಕೇಂದ್ರದ ಕಚೇರಿಗೆ ಹೊರಟೆವು. ಕೊಟ್ಟೂರು ದಾಟಿತು, ಹಗರಿಬೊಮ್ಮನಹಳ್ಳಿಯಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಟೀಚರ್ ಕೆಳಗಿಳಿಯಲಿಲ್ಲ. ಹುಲಿಗೆಮ್ಮ ಚಹಾ ತಂದು ಕೊಟ್ಟರೆ ಕಪ್ಪು ಹಿಡಿದುಕೊಂಡೇ ಮರಿಯಮ್ಮನಹಳ್ಳಿಯವರೆಗೆ ಬಂದರು.

ಕಚೇರಿಯಲ್ಲಿ ಸಿಕ್ಕ ಅಧಿಕಾರಿ ಒಳ್ಳೆಯ ಮನುಷ್ಯ. ಹುಲಿಗೆಮ್ಮನ ದಾಖಲೆಗಳನ್ನೆಲ್ಲ ನೋಡಿದರು. ಊರು ಯಾವುದು, ಜಿಲ್ಲೆ ಯಾವುದು ಎಂಬುದರಲ್ಲಿ ಅವರಿಗೆ ಅನುಮಾನವೇ ಇರಲಿಲ್ಲ. ಆದರೆ ಅರ್ಜಿ ತುಂಬಿದವರ ತಪ್ಪು ಅಭ್ಯರ್ಥಿಯದೇ ತಪ್ಪು, ಅದಕ್ಕೆ ಪರಿಹಾರವಿಲ್ಲ ಎಂದು ನಿಯಮ ಹೇಳುತ್ತಿತ್ತು. ತಾಂತ್ರಿಕ ದೋಷವಾಗಿದ್ದರೆ ಮಾತ್ರ, ಅರ್ಜಿ ತುಂಬಿದ ಕೇಂದ್ರದವರು ಬರೆದುಕೊಟ್ಟರೆ, ಆಕ್ಷೇಪಣೆಯ ಜೊತೆ ಮೇಲಕ್ಕೆ ಕಳಿಸಲು ದಾರಿಯಿತ್ತು.

“ಕಂಪ್ಯೂಟರ್ ಮಿಸ್ಟೇಕ್ ಅಂತ ಬರದು ಕೊಡ್ರಿ ಮೇಡಂ, ನಾ ಕಳಿಸ್ತೀನಿ,” ಅಂದರು.

“ಕಂಪ್ಯೂಟರ್ ಮಾಡಿಲ್ರಿ,” ಅಂದರು ಟೀಚರ್. “ನಾ ಮಾಡೀನಿ.”

ಅಧಿಕಾರಿ ಪೆನ್ನು ಕೆಳಗಿಟ್ಟರು. “ನೋಡ್ರಿ ಮೇಡಂ, ಕಂಪ್ಯೂಟರಿಗೆ ಬಡ್ತಿ ನಿಲ್ಲಲ್ಲ, ಪೆನ್ಷನ್ ಹೋಗಲ್ಲ. ಯಾರಿಗೂ ನೋವಿಲ್ಲ. ಈಯಮ್ಮಗ ಮಾತ್ರ ಇನ್ನೊಂದು ಅರ್ಜಿ ಇಲ್ಲ.”

ಟೀಚರ್ ಹುಲಿಗೆಮ್ಮನ ಕಡೆ ನೋಡಿದರು. ಅವಳು ನೆಲ ನೋಡುತ್ತಿದ್ದಳು. ಹತ್ತು ವರ್ಷ ಯಂತ್ರವನ್ನು ಮನಸಾರೆ ಬೈದ ಹೆಂಗಸು, ಅದು ನಿಜವಾಗಿ ತಪ್ಪು ಮಾಡದಿದ್ದ ಒಂದೇ ದಿನ ಅದರ ಮೇಲೆ ದೂರು ಬರೆಯಲು ಎದ್ದು ನಿಂತರು. ಎದುರಿನ ಜೆರಾಕ್ಸ್ ಅಂಗಡಿಗೆ ಹೋಗಿ, ಅಲ್ಲಿನವರಿಂದ ಕೀಬೋರ್ಡ್ ಕೇಳಿ ಪಡೆದು, ತಾವೇ ಕೂತು ಹೊಡೆದರು. ಅರ್ಜಿ ತುಂಬುವ ವೇಳೆ ಗಣಕಯಂತ್ರದ ವ್ಯವಸ್ಥೆ ಅಪ್‌ಡೇಟ್ ಆದ ಕಾರಣ ಜಿಲ್ಲೆಯ ಕಾಲಮು ತಾನಾಗಿಯೇ ಬದಲಾಗಿರುತ್ತದೆ, ಇದರಲ್ಲಿ ಅಭ್ಯರ್ಥಿಯ ತಪ್ಪೇನೂ ಇರುವುದಿಲ್ಲ. ವರ್ಷಗಳಿಂದ ಅಪ್‌ಡೇಟಿನ ಮುಖವನ್ನೇ ಕಾಣದ ಯಂತ್ರದ ಬಗ್ಗೆ ಈ ಮಾತು. ಆ ಕಾಗದದಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ, ಒಂದು ವಾಕ್ಯವೂ ನಿಜವಿರಲಿಲ್ಲ. ಟೀಚರ್ ಸಹಿ ಮಾಡಿ ಸೀಲು ಒತ್ತಿದರು.

ಮರುದಿನ ಬೆಳಿಗ್ಗೆ ನಾನು ಒಳಗೆ ಕಾಲಿಡುವ ಮೊದಲೇ, ಎಲ್ಲ ಮಷಿನ್‌ಗೂ ಅಪ್‌ಡೇಟ್ ಹಚ್ಚು ಅಂದರು. ಯಾಕ್ರಿ ಟೀಚರ್ ಎಂದೆ.

“ಮಾಡದ ತಪ್ಪನ್ನ ಅದರ ತಲಿಗೆ ಕಟ್ಟಿ ಬಂದೀನಿ,” ಅಂದರು. “ಇನ್ನ ಅದನ್ನ ಬೈಯಾಕ ನನಗ ಬಾಯಿಲ್ಲ.”

ವರ್ಷಗಟ್ಟಲೆ ಬಾಕಿ ಉಳಿದ ಅಪ್‌ಡೇಟುಗಳು ಒಟ್ಟಿಗೆ ನುಗ್ಗಿದವು. ಮೂರು ದಿನ ಪಾಠ ನಡೆಯಲಿಲ್ಲ. ಟೀಚರ್ ನೀಲಿ ಪರದೆಗಳ ಮುಂದೆ ಕುರ್ಚಿ ಹಾಕಿಕೊಂಡು, ತಪ್ಪೊಪ್ಪಿಕೊಂಡವರ ಹಾಗೆ ಸುಮ್ಮನೆ ಕೂತಿದ್ದರು. ಒಂದು ಯಂತ್ರ ಏಳಲೇ ಇಲ್ಲ. ನಾನು ಅವರ ಮುಖ ನೋಡಿದೆ. ವಯಸ್ಸಾಗಿತ್ತು ಪಾಪ ಎಂದರು, ಅಷ್ಟೇ.

ಆಕ್ಷೇಪಣೆ ಮಾನ್ಯವಾಯಿತು. ಅಂತಿಮ ಪಟ್ಟಿಯಲ್ಲಿ ಹುಲಿಗೆಮ್ಮನ ಹೆಸರು ಬಂತು. ಕೆಲವು ತಿಂಗಳ ಮೇಲೆ ನೇಮಕದ ಆದೇಶ ಹಿಡಿದುಕೊಂಡು, ಪೇಡೆಯ ಡಬ್ಬಿಯ ಜೊತೆ ಮಹಡಿ ಹತ್ತಿ ಬಂದಳು. ಎರಡೂವರೆಯ ಬ್ಯಾಚಿನವರು ಕೂತಿದ್ದರು. ಅವಳು ಟೀಚರ್ ಕಾಲಿಗೆ ಬಗ್ಗಿದಳು. ಟೀಚರ್ ಅವಳ ರಟ್ಟೆ ಹಿಡಿದು ಎಬ್ಬಿಸಿ, ಇಡೀ ಬ್ಯಾಚಿಗೆ ಕೇಳುವ ಹಾಗೆ, ನಾನು ಇವಳ ಅರ್ಜಿಯಲ್ಲಿ ತಪ್ಪು ಒತ್ತಿದ್ದೆ, ಇವಳ ನೌಕರಿ ಹೋಗುವುದರಲ್ಲಿತ್ತು ಎಂದು ಹೇಳಿದರು. ಒಬ್ಬರೂ ಮಷಿನ್ ಮುಟ್ಟಲಿಲ್ಲ. ಕಾಲಿಗೆ ನಾನಾ ಬೀಳಬೇಕಿತ್ತು, ತಪ್ಪಾತು ನಂದು ಎಂದರು. ಆ ಮಾತು ಅವರ ಬಾಯಲ್ಲಿ ಎಷ್ಟು ಹೊಸದಾಗಿತ್ತೆಂದರೆ ನಾಲಿಗೆ ಎಡವಿತು.

“ನನಗ ಅವತ್ತಾ ಗೊತ್ತಿತ್ತ್ರಿ ಟೀಚರ್,” ಅಂದಳು ಹುಲಿಗೆಮ್ಮ.

“ಯಾವತ್ತು?”

“ನೀವು ಒತ್ತಿದ ದಿನಾನ. ಬಾಜೂಕ ಕುಂತಿದ್ನೆಲ್ರಿ. ದಾವಣಗೆರೆ ಅಂತ ಬಿದ್ದಿದ್ದು ನೋಡಿದೆ.”

“ಮತ್ತ ಯಾಕ ಹೇಳ್ಲಿಲ್ಲ?”

ಹುಲಿಗೆಮ್ಮ ಪೇಡೆಯ ಡಬ್ಬಿಯ ಮುಚ್ಚಳವನ್ನು ತೆಗೆದು ಮತ್ತೆ ಹಾಕಿದಳು. “ನೀವು ತಪ್ಪು ಮಾಡಲ್ಲಲ್ರಿ. ನಾನಾ ತಪ್ಪು ನೋಡೀನಿ ಅನ್ಕಂಡೆ.”

ಟೀಚರ್ ಕಿಟಕಿಯ ಹತ್ತಿರ ಹೋಗಿ ನಿಂತರು. ಬ್ಯಾಚಿನವರು ಮೆಲ್ಲಗೆ ಹೊಡೆಯಲು ಶುರುಮಾಡಿದರು. ಆ ದಿನ ಅವರು ಯಾವ ಮಷಿನ್ನನ್ನೂ ನಿಲ್ಲಿಸಲಿಲ್ಲ. ಮೂವತ್ತೊಂಬತ್ತು ವರ್ಷದ ಹೆಂಗಸು, ಇಬ್ಬರು ಮಕ್ಕಳ ತಾಯಿ, ತನ್ನ ಒಂದೇ ಅರ್ಜಿ ಕಣ್ಣೆದುರೇ ಕೆಡುವುದನ್ನು ನೋಡುತ್ತ ಕೈಕಟ್ಟಿ ಕೂತಿದ್ದಳು. ಅವಳಿಗೆ ಹಾಗೆ ಕೂರುವುದನ್ನು ಕಲಿಸಿದ್ದು ನಾವು.

ಎಲ್ಲರೂ ಹೋದ ಮೇಲೆ ಟೀಚರ್ ನನ್ನನ್ನು ಎದುರಿಗೆ ಕೂರಿಸಿಕೊಂಡು, ನೀನೂ ನೋಡಿದ್ದೆಯೇನು ಎಂದು ಕೇಳಿದರು. ಹುಲಿಗೆಮ್ಮನದನ್ನು ನಾನು ನೋಡಿರಲಿಲ್ಲ. ಇಲ್ಲ ಎಂದಿದ್ದರೆ ಅದು ಸುಳ್ಳಾಗುತ್ತಿರಲಿಲ್ಲ, ನಿಜವೂ ಆಗುತ್ತಿರಲಿಲ್ಲ. ಎರಡು ವರ್ಷದಿಂದ ಅವರ ಕಣ್ಣು ಮಂಜಾಗುತ್ತ ಬಂದಿತ್ತು. ನಾಲ್ಕು ಗಂಟೆಗೆ ಅವರು ಚಹಾಕ್ಕೆ ಕೆಳಗಿಳಿದಾಗ ಅವರು ಹೊರಗಿನವರಿಗಾಗಿ ಹೊಡೆದ ಕಾಗದಗಳನ್ನೆಲ್ಲ ನಾನು ಓದುತ್ತಿದ್ದೆ. ತಪ್ಪು ಸಿಕ್ಕರೆ ತಿದ್ದಿ, ಬೇರೆ ಪ್ರತಿ ತೆಗೆದು, ಅದೇ ಜಾಗದಲ್ಲಿಟ್ಟು ಹಳೆಯದನ್ನು ನನ್ನ ಚೀಲಕ್ಕೆ ಹಾಕಿಕೊಳ್ಳುತ್ತಿದ್ದೆ. ಪ್ರೀತಿಯಿಂದ ಮಾಡಿದೆ ಎಂದು ಹೇಳಿಕೊಳ್ಳಲು ಆಸೆ. ಪ್ರೀತಿ ಇತ್ತು, ಅದಕ್ಕಿಂತ ಹೆಚ್ಚಾಗಿ ಭಯ ಇತ್ತು. ಅದನ್ನೆಲ್ಲ ಹೇಳಿದೆ.

“ತಿಂಗ್ಳಿಗೆ ಎಷ್ಟು ಸಿಗ್ತಾವು?”

“ನಾಕು, ಐದು ಸಿಗ್ತಾವ್ರಿ.”

“ಮತ್ತ ಹುಲಿಗೆಮ್ಮಂದು?”

“ಅದು ಕಾಗದ ಅಲ್ರಿ ಟೀಚರ್. ನೀವು ಒತ್ತಿದ ಕೂಡ್ಲೇ ಹೋಗಿಬಿಡ್ತು. ನನ್ನ ಕೈಗೆ ಸಿಗ್ಲಿಲ್ಲ.”

ನನ್ನನ್ನು ಕೆಲಸದಿಂದ ತೆಗೆಯುತ್ತಾರೆ ಎಂದೇ ನಾನು ಲೆಕ್ಕ ಹಾಕಿದ್ದೆ. ಕೆಳಗೆ ಗೊಬ್ಬರದ ಅಂಗಡಿಯವರು ಷಟರ್ ಎಳೆದರು. ಟೀಚರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕಣ್ಣೊರೆಸಿಕೊಂಡರು.

“ನಾಳಿಯಿಂದ ನನ್ನ ಎದುರಿಗೆ ಕುಂತು ತಿದ್ದು,” ಅಂದರು.

ಮರುದಿನ ಒಂದು ಸಹಕಾರ ಸಂಘದ ಸಭೆಯ ನೋಟೀಸು ಹೊಡೆಯಲು ಬಂದಿತ್ತು. ಟೀಚರ್ ಹೊಡೆದು, ಹಾಳೆಯನ್ನು ತಾವೇ ನನ್ನ ಕಡೆ ತಳ್ಳಿದರು. ಮೂರನೆಯ ಸಾಲಿನಲ್ಲಿ ಒಂದು ತಪ್ಪು ಸಿಕ್ಕಿತು, ಬೆರಳಿಟ್ಟು ತೋರಿಸಿದೆ. ಅವರು ಬಗ್ಗಿ ನೋಡಿ ಹೌದು ಎಂದರು. ನಾನು ತಿದ್ದಿ ಬೇರೆ ಪ್ರತಿ ತೆಗೆದುಕೊಟ್ಟೆ. ಅದನ್ನು ಅವರು ಬೆಳಕಿಗೆ ಹಿಡಿದು ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಓದಿ, ನಾಲ್ಕನೆಯ ಸಾಲಿನ ಮೇಲೆ ಬೆರಳಿಟ್ಟು ನನ್ನ ಕಡೆ ತಿರುಗಿಸಿದರು. ಅಲ್ಲೊಂದು ತಪ್ಪಿತ್ತು. ಅದು ಅವರದಲ್ಲ, ಅವರದನ್ನು ತಿದ್ದುವಾಗ ನಾನು ಮಾಡಿದ್ದು.